ನಾಡಪ್ರಭು ಕೆಂಪೇಗೌಡ ಮೆಟ್ರೋ ನಿಲ್ದಾಣ, ಮೆಜೆಸ್ಟಿಕ್ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ
ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದ ಪ್ರದೇಶದಲ್ಲಿ, ನೆಲದಡಿಯಲ್ಲಿ ನಿರ್ಮಿಸಲಾಗಿರುವ ಈ ನಿಲ್ದಾಣದಲ್ಲಿ 'ನಮ್ಮ ಮೆಟ್ರೋ'ದ ನೇರಳೆ ಮತ್ತು ಹಸಿರು ಮಾರ್ಗಗಳು ಒಂದನ್ನೊಂದು ಸಂಧಿಸುತ್ತವೆ. ಕಚೇರಿ ಕೆಲಸಗಳ ನಿಮಿತ್ತ ಹೊರ ಜಿಲ್ಲೆಗಳಿಂದ ಬರುವ ಸಾರ್ವಜನಿಕರ ಅನುಕೂಲಕ್ಕಾಗಿ ನಿಲ್ದಾಣದ ಇತಿಹಾಸ ಮತ್ತು ವಿನ್ಯಾಸವನ್ನು ಇಲ್ಲಿ ವಿವರಿಸಲಾಗಿದೆ.

ಸ್ಥಳದ ಹಿನ್ನೆಲೆ
ಈ ಪ್ರದೇಶವು ಹಿಂದೆ ಧರ್ಮಾಂಬುಧಿ ಕೆರೆಯ ಅಂಗಳವಾಗಿತ್ತು. ಹಳೆಯ ಪೇಟೆಯ ಜನರಿಗೆ ಈ ಕೆರೆಯು ನೀರಿನ ಆಸರೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ನಂತರ ಕೆರೆಯ ಮಹತ್ವ ಕುಂದಿತು. ಕಾಲಕ್ರಮೇಣ ಕೆರೆ ಬತ್ತಿ ಮೈದಾನವಾಯಿತು. 1960ರ ದಶಕದಲ್ಲಿ ಅಲ್ಲಿ ಬಸ್ ನಿಲ್ದಾಣ ನಿರ್ಮಾಣವಾಯಿತು. 'ಮೆಜೆಸ್ಟಿಕ್' ಎಂಬ ಹೆಸರು ಸಮೀಪದಲ್ಲಿದ್ದ ಅದೇ ಹೆಸರಿನ ಚಿತ್ರಮಂದಿರದಿಂದ ಬಂದಿದೆ. ರೈಲು ನಿಲ್ದಾಣ, ನಗರ ಸಾರಿಗೆ ಹಾಗೂ ದೂರದ ಊರುಗಳ ಬಸ್ ನಿಲ್ದಾಣಗಳು ಒಂದೇ ಕಡೆ ಇರುವುದರಿಂದ ಎರಡು ಮೆಟ್ರೋ ಮಾರ್ಗಗಳನ್ನು ಕೂಡಿಸಲು ಈ ಸ್ಥಳವು ಸೂಕ್ತವಾಗಿತ್ತು.

ನಿರ್ಮಾಣ ಮತ್ತು ಆರಂಭ
ಮೆಟ್ರೋ ಯೋಜನೆಗೆ ದಿನಾಂಕ 24-06-2006ರಂದು ಶಂಕುಸ್ಥಾಪನೆ ನೆರವೇರಿತು. ನಿಲ್ದಾಣಕ್ಕಾಗಿ ಮೇಲಿನಿಂದ ನೆಲವನ್ನು ಅಗೆದು, ಕಟ್ಟಡ ನಿರ್ಮಿಸಿ, ಮೇಲ್ಭಾಗವನ್ನು ಮುಚ್ಚಲಾಯಿತು. ಸುರಂಗಗಳನ್ನು ಯಂತ್ರಗಳಿಂದ ಕೊರೆಯಲಾಯಿತು. ಮೊದಲ ಹಂತದ 42.3 ಕಿ.ಮೀ. ಉದ್ದದಲ್ಲಿ 8.8 ಕಿ.ಮೀ. ಸುರಂಗ ಮಾರ್ಗವಾಗಿದೆ.

ನೇರಳೆ ಮಾರ್ಗದ ಸುರಂಗ ಭಾಗವು ದಿನಾಂಕ 30-04-2016ರಿಂದ ಸಾರ್ವಜನಿಕ ಸೇವೆಗೆ ದೊರೆಯಿತು. ಹಸಿರು ಮಾರ್ಗದ ರೈಲುಗಳು ಇಲ್ಲಿಗೆ ಬರಲಾರಂಭಿಸಿದ್ದು ದಿನಾಂಕ 18-06-2017ರಿಂದ. ಅಲ್ಲಿಯವರೆಗೆ ಎರಡೂ ಮಾರ್ಗಗಳು ಪ್ರತ್ಯೇಕವಾಗಿದ್ದವು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವು ಆರಂಭವಾಗಿ, ರಾಷ್ಟ್ರೀಯ ವಿದ್ಯಾಲಯ ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗವನ್ನು ಕೂಡುವವರೆಗೆ ಮಾರ್ಗ ಬದಲಾವಣೆಗೆ ಇದೊಂದೇ ನಿಲ್ದಾಣವಿತ್ತು.

ನಿಲ್ದಾಣದ ವಿನ್ಯಾಸ
ಎರಡು ಮಾರ್ಗಗಳು ಅಡ್ಡ ಹಾಯುವುದರಿಂದ ಒಂದರ ಕೆಳಗೆ ಇನ್ನೊಂದು ಸಾಗಬೇಕಾಗುತ್ತದೆ. ಮೇಲಿನಿಂದ ಕೆಳಕ್ಕೆ ಅಂತಸ್ತುಗಳು ಈ ರೀತಿ ಇವೆ:
1. ರಸ್ತೆ ಮಟ್ಟ: ಪ್ರವೇಶ ಹಾಗೂ ನಿರ್ಗಮನ ದ್ವಾರಗಳು.
2. ಟಿಕೆಟ್ ಅಂತಸ್ತು: ಟಿಕೆಟ್ ಕೌಂಟರ್‌ಗಳು, ತಪಾಸಣೆ ಮತ್ತು ಸ್ವಯಂಚಾಲಿತ ಗೇಟುಗಳು.
3. ನೇರಳೆ ಮಾರ್ಗದ ಪ್ಲಾಟ್‌ಫಾರಂ: ಪೂರ್ವಕ್ಕೆ ವೈಟ್‌ಫೀಲ್ಡ್ (ಕಾಡುಗೋಡಿ), ಪಶ್ಚಿಮಕ್ಕೆ ಚಲ್ಲಘಟ್ಟ.
4. ಹಸಿರು ಮಾರ್ಗದ ಪ್ಲಾಟ್‌ಫಾರಂ: ಉತ್ತರಕ್ಕೆ ಮಾದಾವರ, ದಕ್ಷಿಣಕ್ಕೆ ರೇಷ್ಮೆ ಸಂಸ್ಥೆ.

ಮಾರ್ಗ ಬದಲಾಯಿಸುವ ಕ್ರಮ
ಮಾರ್ಗ ಬದಲಾಯಿಸುವವರು ಗೇಟಿನಿಂದ ಹೊರಗೆ ಹೋಗುವ ಅಗತ್ಯವಿರುವುದಿಲ್ಲ. ಹಸಿರು ಮಾರ್ಗದಲ್ಲಿ ಬಂದವರು ಫಲಕಗಳನ್ನು ಅನುಸರಿಸಿ ಮೇಲಕ್ಕೂ, ನೇರಳೆ ಮಾರ್ಗದಲ್ಲಿ ಬಂದವರು ಕೆಳಕ್ಕೂ ಸಾಗತಕ್ಕದ್ದು. ಒಮ್ಮೆ ಹೊರಬಂದಲ್ಲಿ ಪ್ರಯಾಣವು ಅಲ್ಲಿಗೇ ಮುಗಿದು, ಮತ್ತೆ ಟಿಕೆಟ್ ಪಡೆದು ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಕಚೇರಿ ವೇಳೆಯೊಳಗೆ ಅರ್ಜಿ ಸಲ್ಲಿಸಬೇಕಾದವರು ಇದನ್ನು ವಿಶೇಷವಾಗಿ ಗಮನಿಸುವುದು.

ಉದಾಹರಣೆಗೆ, ತುಮಕೂರು ಕಡೆಯಿಂದ ಬಂದು ನಾಗಸಂದ್ರದಲ್ಲಿ ಮೆಟ್ರೋ ಹತ್ತಿದವರು ಇಲ್ಲಿ ಇಳಿದು, ಮೇಲಿನ ಅಂತಸ್ತಿನಲ್ಲಿ ವೈಟ್‌ಫೀಲ್ಡ್ ಕಡೆಯ ರೈಲನ್ನು ಹತ್ತಿದಲ್ಲಿ, ಎರಡನೆಯ ನಿಲ್ದಾಣವೇ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ. ಬಹುಮಹಡಿ ಕಟ್ಟಡ ಮತ್ತು ಉಚ್ಚ ನ್ಯಾಯಾಲಯಕ್ಕೂ ಇದೇ ನಿಲ್ದಾಣದಲ್ಲಿ ಇಳಿಯಬಹುದಾಗಿದೆ.

ಸಾರ್ವಜನಿಕರ ಗಮನಕ್ಕೆ
• ರೈಲು ನಿಲ್ದಾಣದ ಮುಂಭಾಗದ ದ್ವಾರಕ್ಕೆ ಮೆಜೆಸ್ಟಿಕ್‌ನಲ್ಲಿಯೇ ಇಳಿಯತಕ್ಕದ್ದು. ಪಶ್ಚಿಮಕ್ಕಿರುವ ಮುಂದಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಮೆಟ್ರೋ ನಿಲ್ದಾಣವು ರೈಲು ನಿಲ್ದಾಣದ ಹಿಂಬದಿಯಲ್ಲಿರುತ್ತದೆ.
• ವೃದ್ಧರು, ಅಂಗವಿಕಲರು ಹಾಗೂ ಮಕ್ಕಳೊಂದಿಗೆ ಬರುವವರು ಲಿಫ್ಟ್ ಬಳಸುವುದು.
• ಹಳಿಗಳ ಪಕ್ಕದಲ್ಲಿಯೇ 750 ವೋಲ್ಟ್ ವಿದ್ಯುತ್ ಹರಿಯುವ ಮೂರನೆಯ ಹಳಿ ಇರುತ್ತದೆ. ಯಾವುದೇ ವಸ್ತು ಬಿದ್ದಲ್ಲಿ ತಾವೇ ಇಳಿಯದೆ ಸಿಬ್ಬಂದಿಗೆ ತಿಳಿಸಬೇಕೆಂದು ಕೋರಲಾಗಿದೆ.