ನಾಲೆ ಏರಿಯ ಮೇಲೊಂದು ಸೈಕಲ್ ಸವಾರಿ

ಮಂಡ್ಯ ಸೀಮೆಯಲ್ಲಿ ಸೈಕಲ್ ಹೊಡೆಯೋಣ ಅಂದಾಗ ನಮ್ಮಲ್ಲಿ ಇಬ್ಬರು ನಕ್ಕರು. ಗೇರ್ ಸೈಕಲ್ ಅಂದರೆ ಚಿಕ್ಕಮಗಳೂರೋ ಸಕಲೇಶಪುರವೋ ಆಗಬೇಕು, ಗದ್ದೆ ಬಯಲಲ್ಲಿ ಏನು ಮಜಾ ಅನ್ನುವುದು ಅವರ ವಾದ. ಬೆಟ್ಟ ಇಳಿಯಲೆಂದು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹುಡುಗರು ರೂಪಿಸಿಕೊಂಡ ಸೈಕಲ್ ಇದು ಅನ್ನುವುದೂ ನಿಜ. ಆದರೆ ಅದರ ದಪ್ಪ ಟೈರು ಜಲ್ಲಿ, ಮಣ್ಣು, ಎತ್ತಿನಗಾಡಿಯ ಜಾಡು ಎಲ್ಲದಕ್ಕೂ ಒಗ್ಗುತ್ತದೆ. ನಾಲೆ ಏರಿಯ ಮೇಲೆ ಇರುವುದೂ ಅವೇ. ಹಾಗಾಗಿ ಒಂದು ಭಾನುವಾರ ಬೆಳಗ್ಗೆ ಕನ್ನಂಬಾಡಿ ಕೆಳಗಿನಿಂದ ವಿಶ್ವೇಶ್ವರಯ್ಯ ನಾಲೆ ಹಿಡಿದು ಹೊರಟೆವು.

ಮೊದಲ ಒಂದು ಗಂಟೆಯಲ್ಲೇ ಗೊತ್ತಾಗಿದ್ದು, ಗೇರ್ ಬದಲಿಸುವ ಕೆಲಸವೇ ಇಲ್ಲ ಎಂದು. ಎಡಕ್ಕೆ ತಿರುಗುತ್ತದೆ, ಬಲಕ್ಕೆ ತಿರುಗುತ್ತದೆ, ಒಂದು ಹಳ್ಳಿಯನ್ನು ಸುತ್ತಿ ಹೋಗುತ್ತದೆ, ಆದರೆ ಏರು ಅನ್ನುವುದು ಇಲ್ಲ. ಯಾಕೆ ಹೀಗೆ ಅಂತ ಯೋಚಿಸಿದಾಗಲೇ ಈ ದಾರಿಯ ಚರಿತ್ರೆ ಶುರುವಾಗುವುದು.

ನಾಲೆ ನೀರಿಗೆ ಪಂಪು ಇಲ್ಲ. ಅದು ತನ್ನ ಪಾಡಿಗೆ ತಾನು ಹರಿಯಬೇಕು. ಇಳಿಜಾರು ಹೆಚ್ಚಾದರೆ ನೀರು ದಂಡೆಯನ್ನು ಕೊರೆಯುತ್ತದೆ, ಕಮ್ಮಿಯಾದರೆ ಹೂಳು ನಿಲ್ಲುತ್ತದೆ, ಜೊಂಡು ಬೆಳೆಯುತ್ತದೆ. ಇವೆರಡರ ನಡುವಿನ ಹದ ಹುಡುಕುವುದೇ ಎಂಜಿನಿಯರ್ ಕೆಲಸ. ಆ ಹದವಾದರೂ ಎಷ್ಟು? ಸೈಕಲ್ ತುಳಿಯುವವನ ಕಾಲಿಗೆ ಗೊತ್ತೇ ಆಗದಷ್ಟು. ನಾಲೆ ಎತ್ತರದ ಜಾಗ ಬಿಟ್ಟುಕೊಡದೆ ದೂರದವರೆಗೆ ಸಾಗಿದರೆ ಮಾತ್ರ ಅದರ ಕೆಳಗಿನ ಭೂಮಿಗೆಲ್ಲ ನೀರು ಸಿಗುತ್ತದೆ. ಅದಕ್ಕೇ ಅದು ನೆಟ್ಟಗೆ ಹೋಗದೆ ನೆಲದ ಮಟ್ಟ ಹಿಡಿದು ಬಳಸಿಕೊಂಡು ಹೋಗುತ್ತದೆ. ನಮಗೆ ಸಿಕ್ಕ ಸಲೀಸು ನೀರಿಗೆಂದು ಮಾಡಿದ್ದು, ನಾವು ಬಿಟ್ಟಿಯಾಗಿ ಅನುಭವಿಸುತ್ತಿದ್ದೇವೆ, ಅಷ್ಟೆ.

ಕಾವೇರಿ ಬಯಲಲ್ಲಿ ಈ ವಿದ್ಯೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರು ಆಳಿದ್ದು 1673ರಿಂದ 1704ರವರೆಗೆ. ಅವರ ಹೆಸರಿನ ಚಿಕ್ಕದೇವರಾಯ ಸಾಗರ ನಾಲೆ ಇಂದಿಗೂ ಗದ್ದೆಗೆ ನೀರು ಕೊಡುತ್ತಿದೆ. ವಿರಿಜಾ ನಾಲೆ ಇದೆ. ನದಿಯ ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆ ಇದೆ. ಆದರೆ ಇವೆಲ್ಲ ನದಿಯ ಮಗ್ಗುಲಲ್ಲೇ ಹರಿಯುವಂಥವು. ನದಿಯಿಂದ ದೂರದ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎತ್ತರದ ಹೊಲಗಳಿಗೆ ರಾಗಿ, ಹುರುಳಿ, ಮಳೆ, ಕೆರೆ ಇಷ್ಟೇ ಗತಿಯಾಗಿತ್ತು.

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಶುರುವಾಯಿತು. ನಾಲೆಗೆ ಇವತ್ತು ವಿಶ್ವೇಶ್ವರಯ್ಯನವರ ಹೆಸರಿದ್ದರೂ ಅವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ. ನಾಲೆ ತೋಡಿದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಆಗ ಇಟ್ಟ ಹೆಸರು ವೈಸ್‌ರಾಯ್ ಇರ್ವಿನ್ ಅವರದು. ನಮ್ಮ ಕಡೆಯ ಹಳಬರ ಬಾಯಲ್ಲಿ ಇರ್ವಿನ್ ನಾಲೆ ಅನ್ನುವ ಮಾತು ಬಹಳ ಕಾಲ ಉಳಿದಿತ್ತು.

ನೀರು ಬಂದ ಮೇಲೆ ಎಲ್ಲವೂ ಬದಲಾಯಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಕಬ್ಬಿಗೆ ಬೆನ್ನೆಲುಬಾಗಿ ನಿಂತರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಒಂದು ನಾಲೆಯಿಂದಾಗಿ ಒಂದು ಜಿಲ್ಲೆಯೇ ಹುಟ್ಟಿತು ಅಂದರೆ ಹೆಚ್ಚಲ್ಲ. ಹಾಗಂತ ನೀರು ಬಂದದ್ದಕ್ಕೆ ರೈತರು ಬರೀ ಆರತಿ ಎತ್ತಲಿಲ್ಲ. ನೀರಿಗೆಂದು ಸರ್ಕಾರ ಕೇಳಿದ ಹಣ ಹೊರೆಯಾಯಿತೆಂದು 1930ರ ದಶಕದ ಮೊದಲಲ್ಲೇ ಚಳವಳಿ ಮಾಡಿದರು. ಎಚ್.ಕೆ. ವೀರಣ್ಣಗೌಡರು ಅದರ ಮುಂದಾಳುಗಳಲ್ಲಿ ಒಬ್ಬರು. ಮಂಡ್ಯದ ರೈತ ಬೀದಿಗಿಳಿಯುವುದನ್ನು ಕಲಿತದ್ದು ಕೂಡ ಈ ನಾಲೆಯಿಂದಲೇ ಅಂತ ನಮಗೆ ಅನ್ನಿಸುತ್ತದೆ.

ಇನ್ನು ಏರಿಯ ಮಾತು. ಇಂಗ್ಲೆಂಡಿನ ಕಾಲುವೆ ದಂಡೆಗಳಲ್ಲಿ ಇವತ್ತು ಜನ ಸೈಕಲ್ ಹೊಡೆಯುವ ಹಾದಿ ಹಿಂದೆ ಕುದುರೆಗಳದ್ದು. ಸರಕು ತುಂಬಿದ ದೋಣಿಗೆ ಹಗ್ಗ ಕಟ್ಟಿ ದಂಡೆ ಮೇಲೆ ಕುದುರೆ ಎಳೆಯುತ್ತಿತ್ತು. ನಮ್ಮ ನಾಲೆಯಲ್ಲಿ ದೋಣಿ ಓಡಲಿಲ್ಲ. ನಮ್ಮ ಏರಿ ಇದ್ದದ್ದು ನೀರು ಕಾಯುವವರಿಗೆ. ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ಏಡಿ ಬಿಲ ತೋಡಿದೆ, ಯಾವ ತೂಬನ್ನು ರಾತ್ರಿ ಯಾರು ಎತ್ತಿದ್ದಾರೆ ಅಂತ ನೋಡಿಕೊಂಡು ಹೋಗುವ ನೀರುಗಂಟಿಗೆ, ಅವನ ಮೇಲಿನ ಎಂಜಿನಿಯರಿಗೆ. ಅಂದರೆ ಮನುಷ್ಯ ನಡೆಯುವ ವೇಗಕ್ಕೆ, ಹೆಚ್ಚೆಂದರೆ ಸೈಕಲ್ ವೇಗಕ್ಕೆ ಮಾಡಿದ ದಾರಿ ಅದು. ಆಮೇಲೆ ಕಬ್ಬಿನ ಗಾಡಿ ಬಂತು. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟ ಮೇಲೆ ಯೂನಿಫಾರಂ ತೊಟ್ಟ ಹುಡುಗಿಯರೂ ಬಂದರು. ನಮ್ಮಲ್ಲಿ ಒಬ್ಬಳು ಹೈಸ್ಕೂಲಿಗೆ ಹೋದದ್ದು ಅಂಥ ಸೈಕಲಿನಲ್ಲಿ, ಇಂಥದ್ದೇ ಏರಿ ಮೇಲೆ. ನಮಗೆ ಇದು ಹೊಸ ಹುಚ್ಚು, ಅವಳಿಗೆ ಹಳೇ ದಾರಿ.

ಹುಲಿಕೆರೆ ಹತ್ತಿರ ನಾಲೆ ನಮ್ಮ ಕೈತಪ್ಪಿಸಿಕೊಂಡಿತು. ಅಲ್ಲಿ ದಿಣ್ಣೆ ಅಡ್ಡ ಬರುತ್ತದೆ. ಬಳಸಿ ಹೋಗಲು ಜಾಗವಿಲ್ಲದೆ ಆಗಿನವರು ಸುಮಾರು 2.8 ಕಿಲೋಮೀಟರ್ ಸುರಂಗ ಕೊರೆದರು. ನೀರು ಕತ್ತಲೊಳಗೆ ನುಗ್ಗುತ್ತದೆ. ನಾವು ಮಾತ್ರ ದಿಣ್ಣೆಯ ಮೇಲಿಂದ ಹೋಗಬೇಕು. ಇಡೀ ದಿನದಲ್ಲಿ ಗೇರ್ ಬದಲಿಸಿದ್ದು ಅಲ್ಲೊಂದೇ ಕಡೆ. ಏದುಸಿರು ಬಿಟ್ಟು ಮೇಲೆ ನಿಂತಾಗ, ಕೆಳಗೆ ಬಂಡೆ ಒಡೆದ ಕೂಲಿಯವರ ನೆನಪಾಯಿತು. ನಾಲೆಗೆ ಎರಡು ಸಲ ಹೆಸರಿಟ್ಟಾಯಿತು. ಎರಡು ಸಲವೂ ದೊಡ್ಡವರದೇ.

ಈ ದಾರಿಯ ಚರಿತ್ರೆಯಲ್ಲಿ ಇನ್ನೊಂದು ದಿನ ಇದೆ, ಬರೆಯದೆ ಬಿಡಲಾಗದು. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆಮೇಲೂ ಕಾರುಗಳು ಬಿದ್ದಿವೆ, ಜನ ಸತ್ತಿದ್ದಾರೆ. ಪ್ರತಿ ಸಲ ತಡೆಗೋಡೆಯ ಮಾತು ಬರುತ್ತದೆ. ಕೆಲವು ಕಡೆ ಕಟ್ಟಿದ್ದಾರೆ. ನಾವು ಹೋದ ದಾರಿಯಲ್ಲಿ ಗೋಡೆಯಿಲ್ಲದ ತಿರುವುಗಳನ್ನು ಎಣಿಸಲು ಶುರು ಮಾಡಿ, ಸ್ವಲ್ಪ ಹೊತ್ತಿಗೆ ಎಣಿಸುವುದನ್ನೇ ಬಿಟ್ಟೆವು.

ನೀರುಗಂಟಿಯ ಕಾಲಿಗೆ ಮಾಡಿದ ದಾರಿಗೆ ಟಾರ್ ಬಂತು. ದಾರಿ ಹತ್ತಿರವಾಯಿತೆಂದು ಬಸ್ಸು, ಕಾರು, ಟಿಪ್ಪರ್ ಎಲ್ಲವೂ ಬಂದವು. ನಾಲೆ ಮಾತ್ರ ಮೊದಲಿನ ಹಾಗೇ ಮಗ್ಗುಲಲ್ಲಿದೆ, ನೆಲದ ಮಟ್ಟ ಹಿಡಿದು ತಿರುಗಿ ತಿರುಗಿ ಹೋಗುತ್ತಿದೆ. ನೀರಿಗೆ ಬೇಕಾದ ತಿರುವು ವೇಗದ ಗಾಡಿಗೆ ಆಗಿಬರುವುದಿಲ್ಲ. ಊರಿನವರಿಗೆ ರಸ್ತೆ ಬೇಡ ಅಂತ ನಾವು ಹೇಳುತ್ತಿಲ್ಲ. ಹೆರಿಗೆಗೆ, ಆಸ್ಪತ್ರೆಗೆ, ಕಬ್ಬು ಸಾಗಿಸಲು ಅವರಿಗೆ ಇರುವುದು ಇದೊಂದೇ ದಾರಿ. ಆದರೆ ಬಸ್ಸು ಬಿಟ್ಟ ಕಡೆ ಗೋಡೆ ಇರಲೇಬೇಕು. ಬಸ್ಸು ಬೇಡದ ಕಡೆ, ಎದುರು ದಂಡೆಯ ಮಣ್ಣಿನ ಏರಿಯನ್ನಾದರೂ ನಡೆಯುವವರಿಗೆ, ಎತ್ತಿಗೆ, ಸೈಕಲಿಗೆ ಬಿಡಬೇಕು. ಅದು ಹುಟ್ಟಿದ್ದು ಅವರಿಗಾಗಿಯೇ.

ನೀವೂ ಹೋಗುವುದಾದರೆ ಎರಡು ಮಾತು. ಕತ್ತಲಾಗುವ ಮುಂಚೆ ಏರಿ ಇಳಿದುಬಿಡಿ. ನೀರು ಎಷ್ಟೇ ತಣ್ಣಗೆ ಕಂಡರೂ ಇಳಿಯಬೇಡಿ. ಕಾಂಕ್ರೀಟ್ ಹಾಕಿದ ದಂಡೆ ಪಾಚಿ ಕಟ್ಟಿ ಜಾರುತ್ತದೆ, ಈಜು ಬಂದವರಿಗೂ ಹತ್ತಲು ಹಿಡಿ ಸಿಗುವುದಿಲ್ಲ.

ಸಂಜೆ ಒಂದು ಆಲೆಮನೆ ಮುಂದೆ ಸೈಕಲ್ ನಿಲ್ಲಿಸಿ ಬಿಸಿ ಬೆಲ್ಲ ತಿಂದೆವು. ಬೆಳಗ್ಗೆ ನಕ್ಕಿದ್ದ ಇಬ್ಬರು ಮುಂದಿನ ಸಲ ವಿರಿಜಾ ನಾಲೆ ಅಂದರು.