ನಾಣ್ಯದ ಕೈಚಳಕ
ಗಾರುಡಿಗರ ಬೀದಿಯಾಟದಿಂದ ವೇದಿಕೆಯವರೆಗೆ ಬಳಕೆಯಲ್ಲಿರುವ, ನಾಣ್ಯವನ್ನು ಮಾಯಮಾಡಿ ಮರಳಿ ತೋರಿಸುವ ಜಾದೂ ಪ್ರಕಾರ. ಇದರ ಬುನಾದಿ ಅಂಗೈ ಹಿಡಿತ: ಹೆಬ್ಬೆರಳ ಬುಡದ ಉಬ್ಬು ಹಾಗೂ ನಡುಬೆರಳು, ಉಂಗುರಬೆರಳುಗಳ ಬುಡದ ನಡುವೆ ನಾಣ್ಯವನ್ನು ಅಂಚಿನಲ್ಲಿ ಒತ್ತಿ ಹಿಡಿದು, ಬೆರಳುಗಳನ್ನು ಸಡಿಲ ಬಿಡಬೇಕು, ಹೆಬ್ಬೆರಳು ಸೆಟೆದರೆ ಗುಟ್ಟು ರಟ್ಟು. ಈ ಹಿಡಿತವನ್ನೇ ಬಿಗಿದು ನಾಣ್ಯವನ್ನು ಮೇಲಕ್ಕೆ ಚಿಮ್ಮಿಸುವ ‘ಮಸಲ್ ಪಾಸ್’ ಪಳಗಲು ತಿಂಗಳುಗಳೇ ಬೇಕು. 27 ಮಿ.ಮೀ. ವ್ಯಾಸದ ಇಂದಿನ 10 ರೂಪಾಯಿ ನಾಣ್ಯಕ್ಕಿಂತ, ಸುಮಾರು 30 ಮಿ.ಮೀ.ನ ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ ದೂರಕ್ಕೂ ಎದ್ದು ಕಾಣುತ್ತದೆ. ಅಮೆರಿಕದ ಟಿ. ನೆಲ್ಸನ್ ಡೌನ್ಸ್ (1867–1938) ಗಾಳಿಯಿಂದ ನಾಣ್ಯ ಹಿಡಿಯುವ ಆಟಕ್ಕೆ ಹೆಸರಾದವರು, ಜೆ.ಬಿ. ಬೋಬೊ ಅವರ ‘ಮಾಡರ್ನ್ ಕಾಯಿನ್ ಮ್ಯಾಜಿಕ್’ (1952) ಪ್ರಮುಖ ಕೈಪಿಡಿ. ಪ್ರದರ್ಶನದಲ್ಲಿ ಜಾದೂಗಾರನ ಕಣ್ಣು ಖಾಲಿ ಕೈಯತ್ತ ಹೊರಳಿದರೆ, ಪ್ರೇಕ್ಷಕರ ಕಣ್ಣೂ ಅತ್ತಲೇ ಹೊರಳುತ್ತದೆ.