ಇಗ್ನೇಷಿಯಸನ ಪತ್ರಗಳು: ಒಂದು ಪಾಠಶೋಧನೆಯ ಇತಿಹಾಸ

ಹಳೆಯ ಗ್ರಂಥವೊಂದು ನಮ್ಮ ವಾದಕ್ಕೆ ಅನುಕೂಲವಾಗಿದ್ದರೆ ಅದನ್ನು ಪ್ರಮಾಣವೆಂದು ಹಿಡಿಯುವುದು, ಪ್ರತಿಕೂಲವಾಗಿದ್ದರೆ ಪ್ರಕ್ಷಿಪ್ತವೆಂದು ತಳ್ಳಿಹಾಕುವುದು ಪಂಡಿತರಲ್ಲಿಯೂ ಕಂಡುಬರುವ ದೌರ್ಬಲ್ಯ. ಈ ದೌರ್ಬಲ್ಯವೂ ಅದನ್ನು ಮೀರಿದ ಸತ್ಯಶೋಧನೆಯೂ ಒಟ್ಟಿಗೆ ಕಾಣಸಿಗುವ ಪ್ರಸಂಗವೊಂದು ಯುರೋಪಿನ ಧರ್ಮೇತಿಹಾಸದಲ್ಲಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ.

1517ರಲ್ಲಿ ಲೂಥರನಿಂದ ಮೊದಲಾದ ಮತಸುಧಾರಣೆಯು ಪವಿತ್ರ ಗ್ರಂಥವೊಂದೇ ಪ್ರಮಾಣವೆಂದು ಸಾರಿತು. ಪೋಪನ ಅಧಿಕಾರ, ಪರಮ ಪ್ರಸಾದದ ಸ್ವರೂಪ, ಸಂತರ ಆರಾಧನೆ ಇವುಗಳ ವಿಷಯದಲ್ಲಿ ರೋಮಿನ ಬೋಧನೆಯು ಮೂಲಧರ್ಮಕ್ಕೆ ಕಾಲಾಂತರದಲ್ಲಿ ಸೇರಿದ್ದೆಂಬುದು ಪ್ರೊಟೆಸ್ಟೆಂಟರ ವಾದ. 'ಹಾಗಾದರೆ ಲೂಥರನಿಗಿಂತ ಮುಂಚೆ ನಿಮ್ಮ ಸಭೆ ಎಲ್ಲಿತ್ತು?' ಎಂದು ಕೆಥೋಲಿಕರು ಕೇಳಿದರು. ಉತ್ತರ ಕೊಡಬೇಕಾದರೆ ಮೊದಲ ಶತಮಾನಗಳ ಸಭಾಪಿತೃಗಳ ಬರಹಗಳನ್ನು ತಡಕದೆ ಗತ್ಯಂತರವಿರಲಿಲ್ಲ. 1559ರ ನವೆಂಬರಿನಲ್ಲಿ ಜಾನ್ ಜ್ಯೂಯೆಲನು ಲಂಡನಿನ ಪಾಲ್ಸ್ ಕ್ರಾಸಿನಲ್ಲಿ ನಿಂತು, ಕ್ರಿಸ್ತನ ತರುವಾಯದ 600 ವರ್ಷಗಳ ಯಾವುದೇ ಸಭಾಪಿತೃವಿನ ಬರಹದಿಂದ ರೋಮಿನ ವಿವಾದಿತ ಬೋಧನೆಗಳಿಗೆ ಸ್ಪಷ್ಟವಾದ ಆಧಾರವೊಂದನ್ನು ತೋರಿಸಿದರೂ ತಾನು ಸೋಲೊಪ್ಪುವೆನೆಂದು ಪಂಥ ಕಟ್ಟಿದನು. ಅದೇ ವರ್ಷದಿಂದ ಲೂಥರ್ ಪಂಥದ ವಿದ್ವಾಂಸರು 'ಮ್ಯಾಗ್ಡೆಬರ್ಗ್ ಶತಮಾನಗಳು' ಎಂಬ ಸಭಾಚರಿತ್ರೆಯನ್ನು ಪ್ರಕಟಿಸತೊಡಗಿದರು. ಅದಕ್ಕೆ ಪ್ರತಿಯಾಗಿ ಬರೋನಿಯಸನು 1588ರಿಂದ 1607ರವರೆಗೆ 12 ಸಂಪುಟಗಳನ್ನು ಹೊರತಂದನು. ಹೀಗೆ ವಿವಾದವೇ ಸಂಶೋಧನೆಗೆ ತಾಯಿಯಾಯಿತು.

ಈ ವಿವಾದದ ನಡುವೆ ಸಿಕ್ಕಿಕೊಂಡವನು ಇಗ್ನೇಷಿಯಸ್. ಈತ ಸಿರಿಯಾದ ಅಂತಿಯೋಕ್ಯ ಪಟ್ಟಣದ ಬಿಷಪ್. ಎರಡನೆಯ ಶತಮಾನದ ಆದಿಭಾಗದವನು. ಮೃಗಗಳಿಗೆ ಆಹಾರವಾಗಲು ಕಾವಲಿನಲ್ಲಿ ರೋಮಿಗೆ ಸಾಗುತ್ತಿದ್ದಾಗ ದಾರಿಯಲ್ಲಿ ಈತ ಏಳು ಪತ್ರಗಳನ್ನು ಬರೆದನೆಂದು ನಾಲ್ಕನೆಯ ಶತಮಾನದ ಚರಿತ್ರಕಾರ ಯೂಸೇಬಿಯಸನು ಹೇಳಿರುವನು. ಅಪೊಸ್ತಲರ ಕಾಲಕ್ಕೆ ಇಷ್ಟು ಸಮೀಪದವನ ಸಾಕ್ಷ್ಯವೆಂದರೆ ಅದರ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ 1498ರಲ್ಲಿ ಲ್ಯಾಟಿನಿನಲ್ಲಿಯೂ 1557ರಲ್ಲಿ ಗ್ರೀಕಿನಲ್ಲಿಯೂ ಅಚ್ಚಾದ ಸಂಗ್ರಹಗಳಲ್ಲಿ ಏಳಕ್ಕಿಂತ ಹೆಚ್ಚು ಪತ್ರಗಳಿದ್ದವು. ಹೆಚ್ಚಿನವುಗಳಲ್ಲಿ ಈಸ್ಟರಿಗೆ ಮುಂಚಿನ ಉಪವಾಸಕಾಲದ ಮಾತಿತ್ತು. ಉಪಸೇವಕರು, ವಾಚಕರು, ಗಾಯಕರು, ದ್ವಾರಪಾಲಕರು ಎಂಬ, ಆ ಕಾಲದಲ್ಲಿ ಇನ್ನೂ ಏರ್ಪಡದ ಪದವಿಗಳ ಹೆಸರುಗಳಿದ್ದವು. ಇದನ್ನು ಕಂಡ ಕ್ಯಾಲ್ವಿನನು ಇಗ್ನೇಷಿಯಸನ ಹೆಸರಿನಲ್ಲಿ ಹೊರಟಿರುವುದೆಲ್ಲ ಹುಸಿಯೆಂದು ಕಟುವಾಗಿ ಜರೆದನು. ಅವನು ಹುಸಿಯನ್ನು ಗುರುತಿಸಿದ್ದು ಸರಿಯೆ. ಆದರೆ ಹೊಟ್ಟಿನೊಡನೆ ಕಾಳನ್ನೂ ತೂರಿಬಿಟ್ಟನು.

1641ರಲ್ಲಿ ಇಂಗ್ಲೆಂಡಿನಲ್ಲಿ ಬಿಷಪ್ ಪದವಿ ಇರಬೇಕೆ ಬೇಡವೆ ಎಂಬ ಜಗಳವೆದ್ದಿತು. ಐರ್ಲೆಂಡಿನ ಆರ್ಮಾದ ಆರ್ಚ್‌ಬಿಷಪ್ ಜೇಮ್ಸ್ ಅಷರನು ಆ ಪದವಿಯ ಪ್ರಾಚೀನತೆಗೆ ಇಗ್ನೇಷಿಯಸನನ್ನು ಸಾಕ್ಷಿಗೆ ಕರೆದನು. ಕವಿ ಮಿಲ್ಟನನು ಆ ಪತ್ರಗಳೇ ಕಲಬೆರಕೆಯೆಂದು ಅಪಹಾಸ್ಯ ಮಾಡಿದನು. ಆದರೆ ಅಷರನು ಬರಿಯ ವಾದಿಯಲ್ಲ, ನಿಜವಾದ ಶೋಧಕ. 13ನೆಯ ಶತಮಾನದ ಲಿಂಕನ್ ಬಿಷಪ್ ರಾಬರ್ಟ್ ಗ್ರೋಸೆಟೆಸ್ಟನೂ ಬಳಿಕದ ಕೆಲವು ಆಂಗ್ಲ ಲೇಖಕರೂ ಇಗ್ನೇಷಿಯಸನಿಂದ ಎತ್ತಿಕೊಂಡ ವಾಕ್ಯಗಳು ಅಚ್ಚಿನ ಪಾಠಕ್ಕೆ ಹೊಂದುವುದಿಲ್ಲ, ಯೂಸೇಬಿಯಸ್ ಮತ್ತು ಥಿಯೊಡೊರೆಟರು ಉದ್ಧರಿಸಿದ ಪಾಠಕ್ಕೆ ಹೊಂದುತ್ತವೆ ಎಂಬುದು ಅವನ ಕಣ್ಣಿಗೆ ಬಿದ್ದಿತ್ತು. ಶುದ್ಧವಾದ ಪ್ರತಿಯೊಂದು ಇಂಗ್ಲೆಂಡಿನಲ್ಲಿಯೇ ಇರಬೇಕೆಂದು ಊಹಿಸಿ ಹುಡುಕಿಸಿದನು. ಲ್ಯಾಟಿನ್ ಭಾಷಾಂತರದ ಎರಡು ಹಸ್ತಪ್ರತಿಗಳು ದೊರೆತವು. ಒಂದು ಕೇಂಬ್ರಿಜಿನ ಕೀಸ್ ಕಾಲೇಜಿನದು, ಇನ್ನೊಂದು ನಾರಿಚ್ ಬಿಷಪನ ಭಂಡಾರದ್ದು. ಅವುಗಳ ಆಧಾರದಿಂದ 1644ರಲ್ಲಿ, ಅಂತರ್ಯುದ್ಧದ ನಡುವೆ, ಆಕ್ಸ್‌ಫರ್ಡಿನಲ್ಲಿ ತನ್ನ ಪರಿಷ್ಕರಣವನ್ನು ಪ್ರಕಟಿಸಿದನು. ಎರಡೇ ವರ್ಷಗಳಲ್ಲಿ, 1646ರಲ್ಲಿ, ಐಸಾಕ್ ವೋಸಿಯಸನು ಫ್ಲಾರೆನ್ಸಿನ ಹಸ್ತಪ್ರತಿಯಿಂದ ಏಳರಲ್ಲಿ ಆರು ಪತ್ರಗಳ ಗ್ರೀಕ್ ಮೂಲವನ್ನು ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚು ಹಾಕಿಸಿದನು. ಅಷರನ ಊಹೆ ನಿಜವಾಯಿತು.

ಹೀಗೆ ಶುದ್ಧವಾದ ಪಾಠವು ಯಾರ ಪರವಾಗಿತ್ತು? ಪೂರ್ಣವಾಗಿ ಯಾರ ಪರವೂ ಅಲ್ಲ. ಸಭಾಧ್ಯಕ್ಷ, ಹಿರಿಯರು, ಸೇವಕರು ಎಂಬ ಮೂರು ಪದವಿಗಳು ಅಲ್ಲಿ ಸ್ಪಷ್ಟವಾಗಿವೆ. ಪ್ರಸಾದವು ಕ್ರಿಸ್ತನ ಶರೀರವೆಂಬ ಮಾತೂ ಇದೆ. ಇವು ಬಿಷಪರನ್ನು ಒಲ್ಲದ ಪ್ರೊಟೆಸ್ಟೆಂಟರಿಗೆ ನುಂಗಲಾರದ ತುತ್ತು. ಇತ್ತ ರೋಮಿನ ಸಭೆಗೆ ಬರೆದ ಪತ್ರದಲ್ಲಿ ಆ ಸಭೆಗೆ ದೊಡ್ಡ ಗೌರವವಿದ್ದರೂ ಅಲ್ಲಿಯ ಬಿಷಪನ ಹೆಸರೇ ಇಲ್ಲ. ಇದು ಪೋಪನ ಪರಮಾಧಿಕಾರವನ್ನು ಸಾಧಿಸುವವರಿಗೆ ತೊಡಕು. ಅಷರನಾದರೂ ಬಿಷಪರ ಮಹಿಮೆಯನ್ನು ಉತ್ಪ್ರೇಕ್ಷಿಸುವ ಪ್ರಕ್ಷಿಪ್ತ ವಾಕ್ಯಗಳನ್ನು ತನ್ನ ಕೈಯಾರೆ ಕಿತ್ತುಹಾಕಿದನು. ತಾನೇ ಬಿಷಪನಾಗಿದ್ದೂ ಹಾಗೆ ಮಾಡಿದನೆಂಬುದನ್ನು ನಾವು ಮರೆಯಬಾರದು.

ವಿವಾದವು ಅಲ್ಲಿಗೆ ಮುಗಿಯಲಿಲ್ಲ. ಬಿಷಪರಿಲ್ಲದ ಫ್ರೆಂಚ್ ಪ್ರೊಟೆಸ್ಟೆಂಟ್ ಸಭೆಯ ಬೋಧಕ ಜಾನ್ ದಾಯೆಯು 1666ರಲ್ಲಿ ಈ ಏಳೂ ಕೃತಕವೆಂದು ಗ್ರಂಥ ಬರೆದನು. 1672ರಲ್ಲಿ ಕೇಂಬ್ರಿಜಿನ ಜಾನ್ ಪಿಯರ್ಸನನು ಪೊಲಿಕಾರ್ಪ, ಇರೇನಿಯಸ್, ಒರಿಜೆನ್ ಇವರ ಸಾಕ್ಷ್ಯಗಳನ್ನು ಒಡ್ಡಿ ಅದಕ್ಕೆ ಉತ್ತರ ಕೊಟ್ಟನು. 1845ರಲ್ಲಿ ವಿಲಿಯಂ ಕ್ಯೂರಟನನು ಈಜಿಪ್ಟಿನ ಮಠದಿಂದ ಬಂದ ಸಿರಿಯಾಕ್ ಪ್ರತಿಗಳಲ್ಲಿ ಮೂರೇ ಪತ್ರಗಳ ಕಿರಿದಾದ ಪಾಠವನ್ನು ಕಂಡು, ಅದೇ ಮೂಲವೆಂದನು. ವಿದ್ವಾಂಸರಲ್ಲಿ ಹಲವರು ತಲೆದೂಗಿದರು. ಲೈಟ್‌ಫುಟನೂ ಮೊದಲು ಅತ್ತ ಒಲಿದಿದ್ದನು. ಮುಂದೆ ಪರೀಕ್ಷಿಸಿ ನೋಡಿದಾಗ ಅದು ಮೂಲವಲ್ಲ, ಸಂಗ್ರಹಿಸಿ ಬರೆದುದೆಂದು ಮನಗಂಡು, ತನ್ನ ಹಿಂದಿನ ಅಭಿಪ್ರಾಯವನ್ನು ಬಹಿರಂಗವಾಗಿ ಕೈಬಿಟ್ಟನು. ಜರ್ಮನಿಯ ಥಿಯೊಡೋರ್ ಝಾನನ 1873ರ ಗ್ರಂಥವೂ ಲೈಟ್‌ಫುಟನ 1885ರ ಗ್ರಂಥವೂ ಏಳು ಪತ್ರಗಳ ಪಕ್ಷವನ್ನು ದೃಢಪಡಿಸಿದವು. ಅವುಗಳ ಕಾಲವನ್ನು ಸಂದೇಹಿಸುವವರು ಇಂದೂ ಇದ್ದಾರೆ; ಆದರೆ ಬಹುಮಂದಿ ವಿದ್ವಾಂಸರು ಈ ಏಳನ್ನೇ ಒಪ್ಪಿರುವರು.

ತಾಳೆಗರಿಯ ಪ್ರತಿಗಳ ಪಾಠಾಂತರಗಳೊಡನೆ ಹೆಣಗಿದ ನಮಗೆ ಈ ಕಥೆ ಪರಕೀಯವಲ್ಲ. ನಾಗವರ್ಮನ ಛಂದೋಗ್ರಂಥವನ್ನು ಹಸ್ತಪ್ರತಿಗಳಿಂದ ಶೋಧಿಸಿ 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕಿಟ್ಟೆಲರೂ ಪ್ರೊಟೆಸ್ಟೆಂಟ್ ಬೋಧಕರೇ. ನಮ್ಮ ಗಡಿನಾಡಿನಲ್ಲಿಯೂ ಶಾಸನವೊಂದರ ಸಾಲು ನಮ್ಮ ಭಾಷೆಯ ಪರವಾಗಿದ್ದರೆ ಹಿಗ್ಗುತ್ತೇವೆ. ಇಲ್ಲವಾದರೆ ಅದರ ಮೇಲೆ ಶಂಕೆಪಡುತ್ತೇವೆ. ಅಂಥ ಹೊತ್ತಿನಲ್ಲಿ ಅಷರ್ ಮತ್ತು ಲೈಟ್‌ಫುಟರನ್ನು ನೆನೆಯುವುದು ಒಳ್ಳೆಯದು. ಅಷರನು ತನಗೆ ಬೇಕಾದ ಸಾಲನ್ನು ಹೊಡೆದುಹಾಕಿದನು. ಲೈಟ್‌ಫುಟನು ತಾನು ಆಡಿದ ಮಾತನ್ನು ಹಿಂತೆಗೆದುಕೊಂಡನು. ಮಕ್ಕಳಿಗೆ ಇತಿಹಾಸ ಹೇಳುವ ನಾವು ಇವೆರಡನ್ನೂ ಕಲಿಯಬೇಕಾಗಿದೆ.